ಅಂಟದ ವಸ್ತುವೂ ವಾಹನದ ಬಣ್ಣವೂ

ಹೊಸ ಕಾರನ್ನು ಕೊಳ್ಳಲು ಹೋದ ಗೃಹಸ್ಥನ ಮುಂದೆ ಮಾರಾಟದ ಮಳಿಗೆಯವರು ಇಡುವ ಬೆಲೆಪಟ್ಟಿಯ ತುದಿಯಲ್ಲಿ ‘ಟೆಫ್ಲಾನ್ ಕೋಟಿಂಗ್’ ಎಂಬ ಒಂದು ಬಾಬು ಕಾಣಿಸಿಕೊಳ್ಳುವುದುಂಟು. ವಿಮೆ, ನೋಂದಣಿ, ರಸ್ತೆ ತೆರಿಗೆ ಇವುಗಳ ಸಾಲಿನಲ್ಲಿಯೇ ಅದೂ ಕುಳಿತಿರುವುದರಿಂದ ಅವುಗಳಂತೆ ಇದೂ ಅನಿವಾರ್ಯವೆಂಬ ಭಾವನೆ ಸಹಜವಾಗಿಯೇ ಉಂಟಾಗುತ್ತದೆ. ಕೇಳಿದರೆ, ಬಾಣಲೆಗೆ ಹಚ್ಚುವ ವಸ್ತುವೇ ಇದು, ಇದನ್ನು ಹಚ್ಚಿಸಿದರೆ ಧೂಳು ನಿಲ್ಲದು, ನೀರು ನಿಲ್ಲದು, ಗೀರು ಬೀಳದು, ಬಣ್ಣ ಮಾಸದು ಎಂಬ ವಿವರಣೆ ಬರುತ್ತದೆ. ಇದೇ ಮಾತನ್ನು ಅಂಗಡಿಗಳಲ್ಲಿ ಸಿಗುವ ಪಾಲಿಶ್ ಡಬ್ಬಿಗಳೂ ತಮ್ಮ ಮೈಮೇಲೆ ಬರೆದುಕೊಂಡಿರುತ್ತವೆ. ಬ್ಯಾಂಕಿನ ಸಾಲದಿಂದ ಜೀವಮಾನದ ಮೊದಲ ವಾಹನವನ್ನು ಕೊಳ್ಳುತ್ತಿರುವ ಒಬ್ಬ ಶಿಕ್ಷಕನಿಗೋ ಗುಮಾಸ್ತನಿಗೋ ಈ ಕೆಲವು ಸಾವಿರ ರೂಪಾಯಿ ಅಲ್ಪ ಮೊತ್ತವಲ್ಲ. ಆದುದರಿಂದ ಆ ಮಾತಿನಲ್ಲಿ ಎಷ್ಟು ಸತ್ಯಾಂಶವಿದೆಯೆಂಬುದನ್ನು ಪರಿಶೀಲಿಸುವುದು ವ್ಯರ್ಥ ಜಿಜ್ಞಾಸೆಯೆನಿಸಲಾರದು.

ಮೊದಲು ಆ ವಸ್ತುವಿನ ಜನ್ಮವೃತ್ತಾಂತ. 1938ನೆಯ ಏಪ್ರಿಲ್ 6ರಂದು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಡೀಪ್‌ವಾಟರ್ ಎಂಬ ಊರಿನಲ್ಲಿದ್ದ ಡ್ಯೂಪಾಂಟ್ ಸಂಸ್ಥೆಯ ಪ್ರಯೋಗಾಲಯದಲ್ಲಿ ರಾಯ್ ಪ್ಲಂಕೆಟ್ ಎಂಬ ತರುಣ ರಸಾಯನ ವಿಜ್ಞಾನಿ ಶೀತಕ ಯಂತ್ರಗಳಿಗೆ ಬೇಕಾದ ಹೊಸ ಅನಿಲವೊಂದನ್ನು ಅರಸುತ್ತಿದ್ದನು. ಆಗ ಅವನ ವಯಸ್ಸು 27. ಟೆಟ್ರಾಫ್ಲೂರೋಎಥಿಲೀನ್ ಎಂಬ ಅನಿಲವನ್ನು ತುಂಬಿಟ್ಟಿದ್ದ ಉಕ್ಕಿನ ಉರುಳೆಯ ಬಾಯಿಯನ್ನು ತೆರೆದಾಗ ಅನಿಲವು ಹೊರಬರಲಿಲ್ಲ. ಸೋರಿಹೋಗಿದ್ದರೆ ಉರುಳೆಯ ತೂಕ ಇಳಿದಿರಬೇಕಿತ್ತು; ತೂಗಿ ನೋಡಿದರೆ ತೂಕವು ಇದ್ದಂತೆಯೇ ಇತ್ತು. ಇನ್ನೊಬ್ಬನಾಗಿದ್ದರೆ ಉರುಳೆಯನ್ನು ಮೂಲೆಗೆ ತಳ್ಳಿ ಬೇರೊಂದನ್ನು ತರಿಸುತ್ತಿದ್ದನೇನೋ. ಪ್ಲಂಕೆಟ್ಟನೂ ಅವನ ಸಹಾಯಕನೂ ಅದನ್ನು ಗರಗಸದಿಂದ ಕೊಯ್ದು ನೋಡಿದರು. ಒಳಗೆ ಮೇಣದಂತೆ ನುಣುಪಾದ ಬಿಳಿಯ ಪುಡಿ ಇತ್ತು. ಅನಿಲದ ಅಣುಗಳು ತಮ್ಮಷ್ಟಕ್ಕೆ ತಾವೇ ಒಂದರ ಕೈಯನ್ನೊಂದು ಹಿಡಿದು ಉದ್ದನೆಯ ಸರಪಣಿಗಳಾಗಿ ಪರಿಣಮಿಸಿದ್ದವು. ಪಾಲಿಟೆಟ್ರಾಫ್ಲೂರೋಎಥಿಲೀನ್ ಎಂಬುದು ಅದರ ಶಾಸ್ತ್ರೀಯ ನಾಮ, ಪಿ.ಟಿ.ಎಫ್.ಇ. ಎಂಬುದು ಸಂಕ್ಷೇಪ. ‘ಟೆಫ್ಲಾನ್’ ಎಂಬುದು 1945ರಲ್ಲಿ ನೋಂದಣಿಯಾದ ವ್ಯಾಪಾರ ಮುದ್ರೆ. 2015ರಿಂದ ಆ ಹೆಸರು ಕೆಮೂರ್ಸ್ ಎಂಬ ಸಂಸ್ಥೆಯ ಸ್ವತ್ತಾಗಿದೆ. ವ್ಯಾಪಾರದ ಹೆಸರೇ ವಸ್ತುವಿನ ಹೆಸರಾಗಿ ಜನರ ನಾಲಗೆಯಲ್ಲಿ ನಿಂತಿತು.

ಈ ಸರಪಣಿಯ ನಡುವೆ ಇಂಗಾಲದ ಪರಮಾಣುಗಳಿವೆ. ಸುತ್ತಲೂ ಫ್ಲೂರಿನ್ ಪರಮಾಣುಗಳು ಒತ್ತೊತ್ತಾಗಿ ಕವಚದಂತೆ ಆವರಿಸಿವೆ. ಇಂಗಾಲ ಮತ್ತು ಫ್ಲೂರಿನ್‌ಗಳ ನಂಟು ರಸಾಯನಶಾಸ್ತ್ರದಲ್ಲಿ ಅತ್ಯಂತ ದೃಢವಾದ ನಂಟುಗಳಲ್ಲೊಂದು. ತನ್ನೊಳಗೇ ತೃಪ್ತವಾಗಿರುವ ಈ ಕವಚವು ಹೊರಗಿನ ಯಾವುದನ್ನೂ ಹತ್ತಿರಕ್ಕೆ ಸೆಳೆಯುವುದಿಲ್ಲ. ನೀರೂ ಅದನ್ನು ತೋಯಿಸದು, ಎಣ್ಣೆಯೂ ತೋಯಿಸದು, ಆಮ್ಲವೂ ಕೊರೆಯದು. ಗಾಜಿನ ಮೇಲೆ ತಲೆಕೆಳಗಾಗಿ ಓಡಾಡಬಲ್ಲ ಹಲ್ಲಿಗೂ ಒಣ ಟೆಫ್ಲಾನಿನ ಮೇಲೆ ಕಾಲು ನಿಲ್ಲದು. ತರ್ಕಶಾಸ್ತ್ರದವರು ಪುಡಿಯನ್ನು ಉಂಡೆಗಟ್ಟಿಸುವ ಗುಣಕ್ಕೆ ‘ಸ್ನೇಹ’ವೆಂದು ಹೆಸರಿಟ್ಟು ಅದನ್ನು ನೀರಿನಲ್ಲಿ ಮಾತ್ರ ಇರುವ ಗುಣವೆಂದು ಎಣಿಸಿದ್ದಾರೆ, ಲೋಕದಲ್ಲಿ ಅದೇ ಶಬ್ದಕ್ಕೆ ಎಣ್ಣೆಯೆಂದೂ ಒಲವೆಂದೂ ಅರ್ಥವಿದೆ. ಈ ಮೂರು ಅರ್ಥಗಳಲ್ಲಿ ಯಾವುದನ್ನು ಹಿಡಿದರೂ ಟೆಫ್ಲಾನನ್ನು ನಿಃಸ್ನೇಹವಾದ ವಸ್ತುವೆಂದೇ ಹೇಳಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಣುಬಾಂಬಿನ ತಯಾರಿಕೆಗಾಗಿ ಯುರೇನಿಯಂ ಹೆಕ್ಸಾಫ್ಲೂರೈಡ್ ಎಂಬ ಮಹಾಕ್ರೂರ ಅನಿಲವನ್ನು ಸಾಗಿಸುವ ಕೊಳವೆಗಳ ಕೀಲುಗಳಿಗೆ ಇದನ್ನೇ ಬಳಸಲಾಯಿತೆಂಬುದು ಇದರ ಸತ್ತ್ವಕ್ಕೆ ಸಾಕ್ಷಿ.

ಇಲ್ಲಿಯೇ ಪ್ರಶ್ನೆಯೊಂದು ಏಳುತ್ತದೆ. ಯಾವುದಕ್ಕೂ ಅಂಟದ ವಸ್ತುವು ಬಾಣಲೆಗೆ ಮಾತ್ರ ಹೇಗೆ ಅಂಟಿತು?

ಈ ಗಂಟನ್ನು ಬಿಡಿಸಿದವನು ಫ್ರಾನ್ಸ್ ದೇಶದ ಮಾರ್ಕ್ ಗ್ರೆಗ್ವಾರ್ ಎಂಬ ಎಂಜಿನಿಯರ್. 1954ರಲ್ಲಿ ಅವನು ಕಂಡುಕೊಂಡ ಮಾರ್ಗವು ಕೇಳುವುದಕ್ಕೆ ಸುಲಭವಾದುದು. ಅಲ್ಯೂಮಿನಿಯಂ ತಗಡನ್ನು ಆಮ್ಲದಲ್ಲಿ ಅದ್ದಿ ಅದರ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಗಳನ್ನು ಕೊರೆಯಿಸುವುದು. ಅದರ ಮೇಲೆ ಈ ಪುಡಿಯನ್ನು ಹರಡುವುದು. ಬಳಿಕ ಪುಡಿ ಕರಗುವ ಮಟ್ಟವನ್ನು ಮೀರಿ ಕಾಯಿಸುವುದು. ಕರಗಿದ ಪುಡಿ ಕುಳಿಗಳೊಳಗೆ ಇಳಿದು, ತಣಿದಾಗ ಅಲ್ಲಿಯೇ ಬೇರೂರಿದಂತೆ ನಿಲ್ಲುತ್ತದೆ. ಬಾಣಲೆಗೆ ಹಚ್ಚಿಸಲು ಅವನನ್ನು ಪ್ರೇರಿಸಿದವಳು ಅವನ ಹೆಂಡತಿಯೆಂದು ಪ್ರತೀತಿ. ಅವರು 1956ರಲ್ಲಿ ಸ್ಥಾಪಿಸಿದ ಟೆಫಾಲ್ ಸಂಸ್ಥೆ ಇಂದಿಗೂ ಇದೆ. ಈಗಿನ ಕಾವಲಿಗಳಲ್ಲಿ ಲೋಹದ ಮೈಯನ್ನು ಉರುಟಾಗಿಸಿ, ಲೋಹವನ್ನೂ ಟೆಫ್ಲಾನನ್ನೂ ಎರಡು ಕೈಗಳಿಂದ ಹಿಡಿಯಬಲ್ಲ ಬೇರೊಂದು ಅಂಟುರಾಳವನ್ನು ತಳಪದರವಾಗಿ ಹಚ್ಚಿ, ಅದರ ಮೇಲೆ ಟೆಫ್ಲಾನನ್ನು ಸಿಂಪಡಿಸಿ ಕುಲುಮೆಯಲ್ಲಿ ಬೇಯಿಸುತ್ತಾರೆ. ಟೆಫ್ಲಾನು ಕರಗುವುದು ಸುಮಾರು 327 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ಕಣಗಳೆಲ್ಲ ಒಂದಕ್ಕೊಂದು ಬೆಸೆದು ಅಖಂಡ ಪದರವಾಗಬೇಕಾದರೆ ಅದಕ್ಕಿಂತಲೂ ಹೆಚ್ಚಿನ ಶಾಖ ಬೇಕು. ಈ ಬೇಯಿಸುವ ಸಂಸ್ಕಾರವಿಲ್ಲದೆ ಕಾವಲಿಯ ಲೇಪವೇ ಇಲ್ಲ.

ಈಗ ಕಾರಿನ ಮೈಯನ್ನು ನೋಡಬೇಕು. ಕಾರಿನ ಹೊಳಪು ಒಂದೇ ಬಣ್ಣದ ಹೊಳಪಲ್ಲ. ಉಕ್ಕಿನ ತಗಡಿನ ಮೇಲೆ ತುಕ್ಕನ್ನು ತಡೆಯುವ ಪದರ, ಅದರ ಮೇಲೆ ತಳಬಣ್ಣ, ಅದರ ಮೇಲೆ ಕಣ್ಣಿಗೆ ಕಾಣುವ ಬಣ್ಣ, ಎಲ್ಲಕ್ಕಿಂತ ಮೇಲೆ ಗಾಜಿನಂತೆ ಪಾರದರ್ಶಕವಾದ ರಾಳದ ಲೇಪ ಹೀಗೆ ಪದರಗಳ ಮೇಲೆ ಪದರಗಳಿರುತ್ತವೆ. ಎಲ್ಲವೂ ಸೇರಿದರೂ ದಪ್ಪವು ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್. ಎಂದರೆ ಒಂದು ಮಿಲಿಮೀಟರಿನ ಏಳನೆಯ ಒಂದು ಪಾಲನ್ನೂ ಮೀರದು. ಇದರಲ್ಲಿ ಮೇಲಿನ ಪಾರದರ್ಶಕ ಲೇಪದ ಪಾಲು 40-50 ಮೈಕ್ರಾನ್. ಕಾರ್ಖಾನೆಯಲ್ಲಿ ಈ ಮೇಲಿನ ಪದರಗಳನ್ನು ಒಲೆಯಲ್ಲಿ ಬಿಸಿಮಾಡಿ ಗಟ್ಟಿಗೊಳಿಸುವುದು 130-140 ಡಿಗ್ರಿಗಳ ಆಸುಪಾಸಿನಲ್ಲಿ. ಅಂತಹ ಮೈಯನ್ನು 340 ಡಿಗ್ರಿಗೆ ಏರಿಸಿದರೆ ಟೆಫ್ಲಾನು ಕರಗುವ ಹೊತ್ತಿಗೆ ಬಣ್ಣವು ಸುಟ್ಟು ಕರಕಾಗಿ, ಪ್ಲಾಸ್ಟಿಕ್ ಬಂಪರುಗಳೂ ರಬ್ಬರಿನ ಪಟ್ಟಿಗಳೂ ಕರಗಿ ಹರಿದು, ರಕ್ಷಿಸಬೇಕಾದ ವಸ್ತುವೇ ಉಳಿದಿರುವುದಿಲ್ಲ. ಮಳಿಗೆಯ ಹಿತ್ತಲಿನಲ್ಲಿ ನಿಲ್ಲಿಸಿದ ಕಾರಿಗೆ ಹುಡುಗನೊಬ್ಬನು ಬಟ್ಟೆಯಿಂದಲೋ ತಿರುಗುವ ಯಂತ್ರದಿಂದಲೋ ಪಾಲಿಶನ್ನು ತಿಕ್ಕುವಾಗ ಆಗುವ ಬಿಸಿ ಕೈಗೆ ಬೆಚ್ಚಗೆನಿಸುವಷ್ಟೇ. ಕಡುಬೇಸಿಗೆಯಲ್ಲಿ ಕಪ್ಪು ಕಾರಿನ ನೆತ್ತಿ 70 ಡಿಗ್ರಿ ದಾಟುವುದುಂಟು. ಅದೂ ಇಲ್ಲಿ ಯಾವ ಲೆಕ್ಕಕ್ಕೂ ಬಾರದು.

ಆದ್ದರಿಂದ ಪಾಲಿಶಿನಲ್ಲಿ ಟೆಫ್ಲಾನ್ ಪುಡಿ ನಿಜವಾಗಿಯೂ ಇದ್ದ ಪಕ್ಷದಲ್ಲಿ ಅದು ಪದರವಾಗುವುದಿಲ್ಲ. ಮೇಣದಲ್ಲಿ ಬೆರೆತ ಹಿಟ್ಟಾಗಿಯೇ ಉಳಿಯುತ್ತದೆ. ಆ ಹಿಟ್ಟಿನ ಕಣಗಳು ಸಾಮಾನ್ಯವಾಗಿ ಕೆಲವು ಮೈಕ್ರಾನುಗಳಷ್ಟು ದೊಡ್ಡವು. ಮೇಣವನ್ನು ಹಚ್ಚಿ ಒರೆಸಿದ ಮೇಲೆ ಮೈಮೇಲೆ ಉಳಿಯುವ ಪೊರೆಯಾದರೋ ಬಹು ತೆಳ್ಳಗಿನದು, ಒಂದು ಮೈಕ್ರಾನಿನ ಸುತ್ತಮುತ್ತಲೋ ಅದಕ್ಕೂ ಕಡಿಮೆಯೋ. ಅಂಗೈಯಗಲದ ನೀರಿನಲ್ಲಿ ಬಂಡೆಯನ್ನು ಮುಳುಗಿಸಿಡಲಾಗದು. ಒರೆಸುವ ಬಟ್ಟೆಗೆ ಹತ್ತಿದ್ದು ಹತ್ತಿ, ಉಳಿದ ಕಣಗಳು ಮೇಣದ ಆಶ್ರಯದಲ್ಲಿ ಅಲ್ಲೊಂದು ಇಲ್ಲೊಂದು ನಿಂತಿದ್ದರೆ ನಿಂತಿರುತ್ತವೆ. ಮೇಣವು ತೊಳೆದುಹೋದ ದಿನ ಅದರೊಡನೆ ಹೊರಟುಹೋಗುತ್ತವೆ. ಬಣ್ಣಕ್ಕೆ ಅಂಟಿಕೊಳ್ಳುವ ಶಕ್ತಿ ಅವಕ್ಕೆ ಇಲ್ಲ. ಯಾವ ಗುಣಕ್ಕಾಗಿ ಅದನ್ನು ಹೊಗಳಲಾಗುತ್ತಿದೆಯೋ ಆ ಗುಣವೇ ಅದನ್ನು ಅಲ್ಲಿ ನಿಲ್ಲಗೊಡುವುದಿಲ್ಲ.

ಹಾಗಾದರೆ ಹಚ್ಚಿಸಿದವರು ಕಂಡದ್ದು ಸುಳ್ಳೇ? ಹಚ್ಚಿಸಿದ ಮರುದಿನ ಕಾರು ಕನ್ನಡಿಯಂತೆ ಹೊಳೆಯುತ್ತದೆ, ನೀರು ಸುರಿದರೆ ಮುತ್ತಿನಂತೆ ಗುಂಡಗಾಗಿ ಉರುಳುತ್ತದೆ. ಇದು ಪ್ರತ್ಯಕ್ಷ. ಪ್ರತ್ಯಕ್ಷವನ್ನು ಅಲ್ಲಗಳೆಯುವುದು ಸಲ್ಲದು. ಆದರೆ ಅದರ ಕಾರಣವನ್ನು ವಿಚಾರಿಸಬೇಕು. ಇಲ್ಲಿ ಪ್ರಾಚೀನರ ಅನ್ವಯ-ವ್ಯತಿರೇಕ ಪದ್ಧತಿ ನೆರವಾಗುತ್ತದೆ. ಯಾವುದಿದ್ದರೆ ಕಾರ್ಯವಿರುವುದೋ, ಯಾವುದಿಲ್ಲದಿದ್ದರೆ ಕಾರ್ಯವಿಲ್ಲವೋ ಅದು ಕಾರಣ. ಟೆಫ್ಲಾನ್ ಬೆರೆತ ಮೇಣವಿದ್ದಾಗ ನೀರು ಮುತ್ತುಗಟ್ಟುತ್ತದೆ, ಇದು ಅನ್ವಯ. ಟೆಫ್ಲಾನ್ ಇಲ್ಲದ ಬರಿಯ ಮೇಣವಿದ್ದಾಗಲೂ ನೀರು ಹಾಗೆಯೇ ಮುತ್ತುಗಟ್ಟುತ್ತದೆ. ಆದುದರಿಂದ ವ್ಯತಿರೇಕವು ಮುರಿದುಬಿದ್ದಿತು. ಕುಂಬಾರನು ಮಡಕೆ ಮಾಡುವಾಗ ಮಣ್ಣು ಹೊತ್ತು ತಂದ ಕತ್ತೆಯೂ ಅಂಗಳದಲ್ಲಿ ನಿಂತಿರುತ್ತದೆ; ಅಷ್ಟರಿಂದ ಅದು ಮಡಕೆಗೆ ಕಾರಣವಾಗದು, ಕತ್ತೆಯಿಲ್ಲದೆಯೂ ಮಡಕೆಯಾಗುತ್ತದೆ. ‘ಭಾಷಾಪರಿಚ್ಛೇದ’ವನ್ನು ಓದಿದವರು ಇದನ್ನು ಅನ್ಯಥಾಸಿದ್ಧವೆಂದು ಬಲ್ಲರು. ಪಾಲಿಶಿನ ಡಬ್ಬಿಯಲ್ಲಿ ಟೆಫ್ಲಾನಿನ ಸ್ಥಾನವು ಆ ಕತ್ತೆಯ ಸ್ಥಾನ. ವ್ಯತ್ಯಾಸವಿಷ್ಟೆ, ಕುಂಬಾರನು ಕತ್ತೆಯ ಹೆಸರಿನಲ್ಲಿ ಮಡಕೆಗೆ ಹೆಚ್ಚು ಬೆಲೆ ಕೇಳುವುದಿಲ್ಲ.

ಹೊಳಪನ್ನು ಕೊಡುವ ನಿಜವಾದ ಕುಂಬಾರರು ಬೇರೆ. ಪಾಲಿಶ್ ಎಂದು ಒಂದೇ ಹೆಸರಿನಿಂದ ಕರೆಯುವ ಪದಾರ್ಥಗಳಲ್ಲಿ ಎರಡು ಬಗೆಯ ಕೆಲಸಗಳು ಅಡಗಿವೆ. ನುಣ್ಣನೆಯ ಜೇಡಿಯೋ ಅಲ್ಯೂಮಿನದ ಪುಡಿಯೋ ಇರುವ ಪದಾರ್ಥವು ಮೇಲಿನ ಲೇಪವನ್ನು ಕಿಂಚಿತ್ತು ಸವೆಯಿಸಿ, ಗೀರುಗಳ ಅಂಚನ್ನು ತಗ್ಗಿಸಿ, ಮೈಯನ್ನು ಸಮಮಾಡುತ್ತದೆ. ಇದು ಹೊಳಪನ್ನು ಕೊಡುವುದು ಬಣ್ಣದ ಆಯುಸ್ಸಿನಲ್ಲಿ ಒಂದು ಪಾಲನ್ನು ಕಳೆದು. ಮೇಲಿನ ಲೇಪವು 40-50 ಮೈಕ್ರಾನ್ ಮಾತ್ರ ಎಂಬುದನ್ನು ಇಲ್ಲಿ ನೆನೆಯಬೇಕು. ಎರಡನೆಯದು ಮೇಣ ಮತ್ತು ಸಿಲಿಕೋನ್ ಎಣ್ಣೆ. ಮೇಣಗಳಲ್ಲಿ ಹೆಸರಾದುದು ಕಾರ್ನಾಬ. ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ತಾಳೆಯ ಗರಿಗಳ ಮೇಲೆ, ಅಲ್ಲಿಯ ಬಿರುಬಿಸಿಲಿನಲ್ಲಿ ಎಲೆಯ ನೀರು ಆರದಂತೆ ಪ್ರಕೃತಿಯೇ ಹಚ್ಚಿದ ಲೇಪವಿದು. ಗರಿಗಳನ್ನು ಒಣಗಿಸಿ ಬಡಿದು ಇದನ್ನು ಉದುರಿಸುತ್ತಾರೆ. ಸುಮಾರು 82ರಿಂದ 86 ಡಿಗ್ರಿಯವರೆಗೆ ಕರಗದ ಕಾರಣ ಬಿಸಿಲಿನ ಕಾರಿನ ಮೇಲೆಯೂ ನಿಲ್ಲಬಲ್ಲುದು. ಮಲೆನಾಡಿನ ಮಳೆಗಾಲದಲ್ಲಿ ಕೆಸುವಿನ ಎಲೆಯ ಮೇಲೆ ಹನಿಗಳು ಉರುಳಾಡುವುದನ್ನು ಕಾಣದವರಿಲ್ಲ. ಕಮಲದ ಎಲೆಯಲ್ಲಿಯೂ ಇದೇ ಮಹಿಮೆ. ಜರ್ಮನಿಯ ಬಾನ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ಟ್‌ಲಾಟ್ ಮತ್ತು ಅವರ ಸಹೋದ್ಯೋಗಿ 1997ರಲ್ಲಿ ಪ್ರಕಟಿಸಿದ ಪ್ರಬಂಧವು ಇದರ ಮರ್ಮವನ್ನು ವಿಶದಪಡಿಸಿತು: ಎಲೆಯ ಮೈಮೇಲೆ ಸೂಕ್ಷ್ಮವಾದ ಗುಬುಟುಗಳೂ ಅವುಗಳ ಮೇಲೆ ಮೇಣದ ಹರಳುಗಳೂ ಇವೆ, ಹನಿಯು ಆ ತುದಿಗಳ ಮೇಲೆ ಮಾತ್ರ ನಿಂತು, ಉರುಳುವಾಗ ಧೂಳನ್ನೂ ಹೊತ್ತೊಯ್ಯುತ್ತದೆ. ಅಲ್ಲಿ ಇರುವುದು ಮೇಣವೇ ಹೊರತು ಟೆಫ್ಲಾನಲ್ಲ. ಉಜ್ಜಿ ನುಣುಪಾಗಿಸಿದ ಕಾರಿನ ಮೈಯಲ್ಲಿ ಆ ಗುಬುಟುಗಳೂ ಇಲ್ಲವಾದುದರಿಂದ ಹನಿ ಗುಂಡಗಾದರೂ ಎಲೆಯ ಮೇಲಿನಂತೆ ಧೂಳನ್ನು ಗುಡಿಸಿಕೊಂಡು ಹೋಗುವುದಿಲ್ಲ. ಎಷ್ಟೋ ಹನಿಗಳು ನಿಂತಲ್ಲಿಯೇ ಆರಿ ಗಡಸು ನೀರಿನ ಬಿಳಿಯ ಬಳೆಗುರುತನ್ನು ಬಿಟ್ಟುಹೋಗುತ್ತವೆ. ಆದಕಾರಣ ಮುತ್ತುಗಟ್ಟುವುದನ್ನು ಮೇಣವಿದೆಯೆಂಬುದಕ್ಕೆ ಲಕ್ಷಣವೆಂದು ಹೇಳಬಹುದೇ ಹೊರತು ರಕ್ಷಣೆಯ ಅಳತೆಗೋಲೆಂದು ಹೇಳಲಾಗದು.

ಗೀರು ಬೀಳದೆಂಬ ಮಾತಂತೂ ಸುತರಾಂ ನಿಲ್ಲತಕ್ಕುದಲ್ಲ. ಟೆಫ್ಲಾನು ಜಾರುವ ವಸ್ತುವೇ ವಿನಾ ಗಟ್ಟಿಯಾದ ವಸ್ತುವಲ್ಲ. ಚಾಕುವಿನಿಂದ ಸಲೀಸಾಗಿ ಕೆತ್ತಬಹುದಾದಷ್ಟು ಮೃದು. ಅಡಿಗೆಮನೆಯ ಗೃಹಿಣಿಗೆ ಇದನ್ನು ಯಾರೂ ಬೋಧಿಸಬೇಕಾಗಿಲ್ಲ. ನೂರಾರು ಡಿಗ್ರಿಯಲ್ಲಿ ಬೆಂದು ಬೇರೂರಿದ ಕಾವಲಿಯ ಲೇಪಕ್ಕೇ ಉಕ್ಕಿನ ಸೌಟು ತಾಗದಂತೆ ಮರದ ಸೌಟನ್ನು ಅವಳು ಬೇರೆ ಇಟ್ಟಿರುತ್ತಾಳೆ. ರಸ್ತೆಯ ಧೂಳಿನಲ್ಲಿರುವ ಸ್ಫಟಿಕಶಿಲೆಯ ಕಣಗಳ ಗಡಸುತನವು ಮೋಸ್ ಮಾನದಲ್ಲಿ 7. ಅವುಗಳ ಮುಂದೆ ಮೇಣದ ಪೊರೆಯೂ ಅದರೊಳಗಿನ ಮೃದುವಾದ ಹಿಟ್ಟೂ ಯಾವ ಪ್ರತಿಭಟನೆಯನ್ನು ತೋರಬಲ್ಲವು?

ಇಷ್ಟರಿಂದ ಫ್ಲೂರಿನ್ ಸಂಯುಕ್ತಗಳೆಲ್ಲ ನಿರುಪಯುಕ್ತವೆಂದು ಸಾಧಿಸಹೊರಟರೆ ಅದು ಅತಿವ್ಯಾಪ್ತಿದೋಷವಾಗುತ್ತದೆ. ವಸ್ತುವನ್ನು ಅದರ ಸ್ವಭಾವಕ್ಕೆ ಒಪ್ಪುವ ರೀತಿಯಲ್ಲಿ ಪ್ರಯೋಗಿಸಿದಲ್ಲಿ ಅದರ ರಕ್ಷಣೆ ಅಸಾಧಾರಣವಾದುದು. ಸೌದಿ ಅರೇಬಿಯದ ಜಿದ್ದಾ ನಗರದಲ್ಲಿ 1981ರಲ್ಲಿ ಪೂರ್ಣಗೊಂಡ ಹಜ್ ಯಾತ್ರಿಕರ ವಿಮಾನನಿಲ್ದಾಣದ ಗುಡಾರದಂತಹ ಛಾವಣಿಯು ಟೆಫ್ಲಾನ್ ಲೇಪಿಸಿದ ಗಾಜಿನ ನಾರಿನ ಬಟ್ಟೆಯದು. ಮರುಭೂಮಿಯ ಬಿಸಿಲನ್ನು ಅದು ದಶಕಗಟ್ಟಲೆ ತಾಳಿದೆ. ದೊಡ್ಡ ಕಟ್ಟಡಗಳ ಲೋಹದ ಹೊರಮೈಗೆ ಫ್ಲೂರಿನ್ ಸೇರಿದ ಬೇರೊಂದು ರಾಳದ ಬಣ್ಣವನ್ನು ಕುಲುಮೆಯಲ್ಲಿ ಬೇಯಿಸಿ ಹಚ್ಚುತ್ತಾರೆ; ಅದು ಬಹುಕಾಲ ಮಾಸುವುದಿಲ್ಲ. ಮುದ್ರಣದ ಶಾಯಿಯಲ್ಲಿಯೂ ಕೆಲವು ಬಣ್ಣಗಳಲ್ಲಿಯೂ ಟೆಫ್ಲಾನ್ ಪುಡಿಯನ್ನು ಬೆರೆಸಿ ಉಜ್ಜಾಟದ ಸವೆತವನ್ನು ತಗ್ಗಿಸುವುದುಂಟು. ಇವೆಲ್ಲವುಗಳಲ್ಲಿ ಸಮಾನವಾದ ಅಂಶವನ್ನು ಗಮನಿಸಬೇಕು: ಫ್ಲೂರಿನ್ ವಸ್ತುವು ಒಂದೋ ಬೆಂದು ಸ್ವತಃ ಪದರವಾಗಿದೆ, ಇಲ್ಲವೇ ಗಟ್ಟಿಯಾಗುವ ಬಣ್ಣದ ಒಡಲೊಳಗೆ ಸಿಕ್ಕಿಕೊಂಡಿದೆ. ಆಗಲೇ ಗಟ್ಟಿಯಾಗಿರುವ ಬಣ್ಣದ ಮೇಲೆ ಬಟ್ಟೆಯಿಂದ ಸವರಿದ ಪುಡಿಗೆ ಈ ಎರಡು ಭಾಗ್ಯಗಳೂ ಇಲ್ಲ. ಕಾರಿಗೆ ಬಣ್ಣ ಹಚ್ಚುವ ಕಲೆಯನ್ನು 1920ರ ದಶಕದಲ್ಲಿ ‘ಡ್ಯೂಕೋ’ ಎಂಬ ಶೀಘ್ರವಾಗಿ ಒಣಗುವ ಲೇಪದಿಂದ ಬದಲಿಸಿದ ಸಂಸ್ಥೆಯೂ ಇದೇ ಡ್ಯೂಪಾಂಟ್. ನಮ್ಮ ಬಡಗಿಗಳು ಇಂದಿಗೂ ಸಿಂಪಡಿಸುವ ಬಣ್ಣಕ್ಕೆ ಡ್ಯೂಕೋ ಎಂದೇ ಹೇಳುತ್ತಾರೆ. ಬಣ್ಣವನ್ನೂ ಟೆಫ್ಲಾನನ್ನೂ ಹೆತ್ತ ಮನೆ ಒಂದೇ ಆದರೂ ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಅಂಟಲಿಲ್ಲ.

ಇದೇ ಪುಡಿಯ ಇನ್ನೊಂದು ಸಾಹಸವೂ ಉಲ್ಲೇಖಾರ್ಹ. ಎಂಜಿನ್ ಎಣ್ಣೆಗೆ ಬೆರೆಸುವ ‘ಸ್ಲಿಕ್ 50’ ಎಂಬ ಟೆಫ್ಲಾನ್‌ಯುಕ್ತ ದ್ರವವು ಎಂಜಿನ್ನಿನ ಸವೆತವನ್ನು ತಗ್ಗಿಸುತ್ತದೆಂಬ ಜಾಹೀರಾತುಗಳು ಅಮೆರಿಕದಲ್ಲಿ ವಿಪುಲವಾಗಿ ಬಂದಿದ್ದವು. ಅವಕ್ಕೆ ತಕ್ಕ ಆಧಾರವಿಲ್ಲವೆಂದು ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ 1996ರಲ್ಲಿ ಆರೋಪ ಹೊರಿಸಿತು. 1997ರಲ್ಲಿ ಆ ವ್ಯವಹಾರವು ಒಪ್ಪಂದದಲ್ಲಿ ಮುಗಿಯಿತು. ಅಲ್ಲಿಯೂ ಎದ್ದ ಪ್ರಶ್ನೆ ಇಲ್ಲಿಯದನ್ನೇ ಹೋಲುತ್ತದೆ: ಜಾರುವ ವಸ್ತು ಡಬ್ಬಿಯಲ್ಲಿದೆ ಎಂದ ಮಾತ್ರಕ್ಕೆ ಅದು ಯಂತ್ರದ ಮೈಮೇಲೆ ನಿಂತು ಕೆಲಸ ಮಾಡಿತೆಂಬುದಕ್ಕೆ ಪ್ರಮಾಣವೇನು?

ಈಚಿನ ವರ್ಷಗಳಲ್ಲಿ ಮತ್ತೊಂದು ವಿಚಾರವೂ ಸೇರಿಕೊಂಡಿದೆ. ಫ್ಲೂರಿನ್ ಕವಚದ ಈ ಸಂಯುಕ್ತಗಳು ಮಣ್ಣಿನಲ್ಲಾಗಲಿ ನೀರಿನಲ್ಲಾಗಲಿ ಕೊಳೆಯುವುದಿಲ್ಲ. ಟೆಫ್ಲಾನ್ ತಯಾರಿಕೆಯಲ್ಲಿ ಹಿಂದೆ ಬಳಸುತ್ತಿದ್ದ ಪಿ.ಎಫ್.ಒ.ಎ. ಎಂಬ ದ್ರವ್ಯವನ್ನು 2019ರಲ್ಲಿ ಸ್ಟಾಕ್‌ಹೋಮ್ ಅಂತರರಾಷ್ಟ್ರೀಯ ಒಡಂಬಡಿಕೆಯ ವರ್ಜ್ಯ ಪಟ್ಟಿಗೆ ಸೇರಿಸಲಾಯಿತು. ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳಿಗೆ ಫ್ಲೂರಿನ್ ಮೇಣವನ್ನು ಹಚ್ಚುವುದನ್ನು ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ 2023-24ರ ಋತುವಿನಿಂದ ನಿಷೇಧಿಸಿದ್ದಾರೆ. ಅಲ್ಲಾದರೋ ಅದು ನಿಜವಾಗಿಯೂ ವೇಗವನ್ನು ಹೆಚ್ಚಿಸುತ್ತಿತ್ತು. ಕಾರಿನಿಂದ ತೊಳೆದುಹೋದ ಮೇಣ ಅಂಗಳದ ಚರಂಡಿಯನ್ನು ಹಿಡಿದು ಕೆರೆಗೆ ಸೇರುವಾಗ, ಯಾವ ಪ್ರಯೋಜನವನ್ನೂ ಕೊಡದ ಪುಡಿಯನ್ನು ಅದರೊಡನೆ ಕಳುಹಿಸಬೇಕಾದ ಅಗತ್ಯವೇನೆಂದು ಕೇಳುವುದು ನ್ಯಾಯವೇ ಆಗಿದೆ.

ಬಣ್ಣದ ನಿಜವಾದ ಶತ್ರುಗಳು ಯಾರೆಂಬುದನ್ನು ತಿಳಿದರೆ ರಕ್ಷಣೆಯ ದಾರಿ ತಾನಾಗಿ ತೋರುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ದ್ರವ್ಯಗಳನ್ನು ಕಾರ್ಖಾನೆಯವರು ಮೇಲಿನ ಪಾರದರ್ಶಕ ಲೇಪದಲ್ಲಿಯೇ ಬೆರೆಸಿರುತ್ತಾರೆ. ಅದಕ್ಕೆ ನೆರವಾಗಬಲ್ಲುದು ನೆರಳು. ಹಕ್ಕಿಯ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿರುತ್ತದೆ. ಬಿಸಿಲಿಗೆ ಮೆದುವಾದ ಲೇಪದ ಮೇಲೆ ಅದು ಒಣಗಿದರೆ ಗುರುತು ಶಾಶ್ವತವಾಗಿ ಉಳಿಯುತ್ತದೆ. ಅದೇ ದಿನ ನೀರಿನಿಂದ ನೆನೆಸಿ ತೆಗೆದರೆ ಹಾನಿಯಿಲ್ಲ. ಮೇಣದ ಪೊರೆಯಿದ್ದರೆ ಆಮ್ಲವು ಮೊದಲು ಅದನ್ನು ಎದುರಿಸಬೇಕಾಗುವುದರಿಂದ ಒಡೆಯನಿಗೆ ಕೊಂಚ ಅವಕಾಶ ದೊರೆಯುತ್ತದೆ. ಮೇಣದಿಂದಾಗುವ ದಿಟವಾದ ಉಪಕಾರವಿದು, ಇದಕ್ಕೆ ಟೆಫ್ಲಾನ್ ಬೇಕಿಲ್ಲ. ಮೇಣವು ಕೆಲವು ತಿಂಗಳುಗಳಲ್ಲಿ ಸವೆದುಹೋಗುವುದರಿಂದ ವರ್ಷಕ್ಕೊಮ್ಮೆ ದುಬಾರಿಯಾದುದನ್ನು ಹಚ್ಚಿಸುವುದಕ್ಕಿಂತ ಸಾಧಾರಣವಾದುದನ್ನೇ ಮೂರು ನಾಲ್ಕು ಸಲ ಹಚ್ಚುವುದು ಮೇಲು. ಇನ್ನು ಗೀರುಗಳ ಮಾತು. ಬೆಳಗಾಗುತ್ತಲೇ ಒಣಬಟ್ಟೆಯಿಂದ ಕಾರಿನ ಧೂಳನ್ನು ಝಾಡಿಸುವ ಪದ್ಧತಿ ನಮ್ಮಲ್ಲಿ ಮನೆಮನೆಯಲ್ಲಿಯೂ ಇದೆ. ಕಾರಿನ ಮೇಲಿನ ಅಕ್ಕರೆಯಿಂದಲೇ ಮಾಡುವ ಈ ಸೇವೆಯು ಸ್ಫಟಿಕದ ಕಣಗಳನ್ನು ಬಟ್ಟೆಯಡಿ ಇಟ್ಟು ಬಣ್ಣದ ಮೇಲೆ ಅರೆದಂತೆಯೇ ಸರಿ. ಮೊದಲು ಧಾರಾಳವಾಗಿ ನೀರು ಹರಿಸಿ ಧೂಳನ್ನು ಇಳಿಸಿ, ಬಳಿಕ ಮೆದುವಾದ ಒದ್ದೆ ಬಟ್ಟೆಯಿಂದ ಒರೆಸಿದರೆ ಬಣ್ಣಕ್ಕೆ ಆಗುವಷ್ಟು ಒಳಿತು ಯಾವ ಡಬ್ಬಿಯಿಂದಲೂ ಆಗದು.

ಈಗ ಮಳಿಗೆಗಳಲ್ಲಿ ‘ಸೆರಾಮಿಕ್ ಕೋಟಿಂಗ್’ ಎಂಬ ಹೊಸ ಹೆಸರು ಹಳೆಯದನ್ನು ಹಿಂದಿಕ್ಕುತ್ತಿದೆ. ಸಿಲಿಕಾನ್ ಸಂಯುಕ್ತಗಳ ಈ ದ್ರವವು ಬಣ್ಣಕ್ಕೆ ಕಚ್ಚಿಕೊಂಡು ಗಟ್ಟಿಯಾಗುವುದು ನಿಜ. ಮೇಣಕ್ಕಿಂತ ದೀರ್ಘಕಾಲ ನಿಲ್ಲುವುದೂ ನಿಜ. ಆದರೆ ಅದರ ಗಡಸುತನವನ್ನು 9ಎಚ್ ಎಂದು ಹೇಳುವಾಗ ಅದು ಬರೆಯುವ ಪೆನ್ಸಿಲ್ಲುಗಳಿಂದ ಗೀಚಿ ನೋಡುವ ಮಾನವೇ ಹೊರತು ವಜ್ರಕ್ಕೆ 10 ಅಂಕ ಕೊಡುವ ಮೋಸ್ ಮಾನವಲ್ಲವೆಂಬುದನ್ನು ಕೊಳ್ಳುವವನು ತಿಳಿದಿರಬೇಕು. ಎರಡು ಅಂಕೆಗಳು ಒಂದರ ಪಕ್ಕ ಒಂದು ಕುಳಿತರೆ ಗೊಂದಲವು ಮಾರುವವನಿಗೆ ಲಾಭಕರ.

ಸಂಶಯವು ಇನ್ನೂ ಉಳಿದವರಿಗೆ ಪರೀಕ್ಷೆಯೊಂದುಂಟು. ಖರ್ಚು ಎರಡು ಡಬ್ಬಿಗಳದು ಮಾತ್ರ. ಕಾರಿನ ಮುಂಭಾಗದ ಮುಚ್ಚಳವನ್ನು ಚೆನ್ನಾಗಿ ತೊಳೆದು ಒಣಗಿಸಿ, ನಟ್ಟನಡುವೆ ಕಾಗದದ ಅಂಟುಪಟ್ಟಿಯೊಂದನ್ನು ಎಳೆದು, ಬಲಬದಿಗೆ ಟೆಫ್ಲಾನ್ ಎಂದು ಬರೆದ ಪಾಲಿಶನ್ನೂ ಎಡಬದಿಗೆ ಆ ಹೆಸರಿಲ್ಲದ ಸಾಧಾರಣ ಮೇಣವನ್ನೂ ಒಂದೇ ದಿನ, ಒಂದೇ ಕೈಯಿಂದ ಹಚ್ಚಬೇಕು. ಪಟ್ಟಿಯನ್ನು ಕಿತ್ತು, ಯಾವ ಬದಿಗೆ ಯಾವುದೆಂಬುದನ್ನು ಚೀಟಿಯಲ್ಲಿ ಬರೆದು ಮಡಿಸಿಟ್ಟು, ಎಂದಿನಂತೆ ವಾಹನವನ್ನು ಓಡಿಸುತ್ತಿರಬೇಕು. ಮುಂಗಾರಿನ ಮೂರು ತಿಂಗಳು ಕಳೆದ ಮೇಲೆ ನೆರೆಮನೆಯವರನ್ನು ಕರೆದು, ಚೆಂಬು ನೀರನ್ನು ಎರಡು ಬದಿಗೂ ಸುರಿದು, ಯಾವ ಬದಿ ಟೆಫ್ಲಾನಿನದೆಂದು ಕೇಳಿ, ಆಮೇಲೆ ಚೀಟಿಯನ್ನು ಬಿಚ್ಚಬೇಕು.